ಹಾಂಗ್‌ಕಾಂಗಿನ ಮೊದಲ ಗವರ್ನರ್ ಪಾಟಿಂಜರ್ ಮದ್ರಾಸಿನಲ್ಲೂ ಗವರ್ನರ್ ಆಗಿದ್ದನೇ?
ಹೌದು, ಇಬ್ಬರೂ ಒಬ್ಬನೇ. ಹೆನ್ರಿ ಪಾಟಿಂಜರ್ 1789ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ. ಹುಡುಗನಾಗಿದ್ದಾಗಲೇ ಭಾರತಕ್ಕೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ. 1810ರಲ್ಲಿ ವೇಷ ಮರೆಸಿಕೊಂಡು, ಕುದುರೆ ವ್ಯಾಪಾರದ ನೆಪದಲ್ಲಿ ಬಲೂಚಿಸ್ತಾನ ಸುತ್ತಿದ. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಆಮೇಲೆ ಕಚ್, ಸಿಂಧ್‌ಗಳಲ್ಲಿ ರಾಜತಂತ್ರದ ಕೆಲಸ.

ಹೆಸರು ಬಂದದ್ದು ಚೀನಾದಲ್ಲಿ. ಬ್ರಿಟನ್‌–ಚೀನಾ ನಡುವಿನ ಮೊದಲ ಅಫೀಮು ಯುದ್ಧ ಮುಗಿಸಿದ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಬ್ರಿಟನ್ ಪರ ಸಹಿ ಹಾಕಿದ್ದು ಇವನೇ. ಹಾಂಗ್‌ಕಾಂಗ್ ಬ್ರಿಟಿಷರ ಕೈಸೇರಿತು, ಐದು ಬಂದರುಗಳು ತೆರೆದವು, ಚೀನಾ 2.1 ಕೋಟಿ ಡಾಲರ್ ತೆರಬೇಕಾಯಿತು. ಬ್ರಿಟಿಷ್ ಯುದ್ಧನೌಕೆಗಳು ನಾನ್‌ಕಿಂಗ್ ಊರ ಮುಂದೆ ನಿಂತಿದ್ದಾಗ ಅದನ್ನು ‘ಒಪ್ಪಂದ’ ಅನ್ನೋದು ಕಷ್ಟ, ಅಲ್ವಾ?

1847ರಲ್ಲಿ ಈಗಿನ ದಕ್ಷಿಣ ಆಫ್ರಿಕಾದ ಕೇಪ್ ಕಾಲೊನಿಯಲ್ಲಿ ಕೆಲವು ತಿಂಗಳು ಗವರ್ನರ್. 1848ರಿಂದ 1854ರವರೆಗೆ ಮದ್ರಾಸ್. ಆಗ ಮಂಗಳೂರು, ಬಳ್ಳಾರಿ ಕೂಡ ಅವನ ಆಡಳಿತಕ್ಕೇ ಸೇರಿದ್ದವು. 1856ರಲ್ಲಿ ಮಾಲ್ಟಾದಲ್ಲಿ ತೀರಿಕೊಂಡ.