ಕ್ಯೂಆರ್‌ಗೆ ಬಿದ್ದಿದ್ದೆಲ್ಲ ವ್ಯಾಪಾರವಾ?

ಪ್ರಶ್ನೆ: ಸರ್, ಹಾಸನದಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ. ಹಾಲು, ಚಿಪ್ಸ್, ಬಿಸ್ಕೆಟ್, ಕೂಲ್ ಡ್ರಿಂಕ್ಸ್ ಮಾರುತ್ತೇನೆ. ಕಳೆದ ವರ್ಷ ಯುಪಿಐನಲ್ಲಿ 43 ಲಕ್ಷ ಬಂದಿದೆ. ಅದರಲ್ಲಿ ಚೀಟಿ ಎತ್ತಿದ್ದು 3 ಲಕ್ಷ, ತಮ್ಮ ವಾಪಸ್ ಕೊಟ್ಟ ಕೈಸಾಲ 2 ಲಕ್ಷ. ಹಾಲಿನದ್ದೇ 15 ಲಕ್ಷ, ಅದಕ್ಕೆ ತೆರಿಗೆ ಇಲ್ಲವಲ್ಲ. ಹಾಗಾದ್ರೆ ನಾನು ಜಿಎಸ್‌ಟಿ ನೋಂದಣಿಯ 40 ಲಕ್ಷದ ಮಿತಿಯೊಳಗೇ ಇದ್ದೇನೆ ಅಲ್ವಾ? ಕ್ಯೂಆರ್ ತೆಗೆದು ಬರೀ ಕ್ಯಾಶ್ ಮಾಡಲಾ?

ಉತ್ತರ: ಚೀಟಿ ದುಡ್ಡು, ಕೈಸಾಲ ವ್ಯಾಪಾರವಲ್ಲ, ಕಳೆಯಿರಿ. ಆದರೆ ಚೀಟಿ ಪುಸ್ತಕ, ತಮ್ಮನಿಗೆ ಕೊಟ್ಟಾಗಿನ ಬ್ಯಾಂಕ್ ಎಂಟ್ರಿ ಕೈಯಲ್ಲಿರಲಿ, ಬಾಯಿಮಾತು ನಡೆಯಲ್ಲ. ಉಳಿದದ್ದು 38 ಲಕ್ಷ. ಹಾಲನ್ನು ಮಾತ್ರ ಕಳೆಯೋ ಹಾಗಿಲ್ಲ, ಇಲ್ಲೇ ಎಲ್ಲರೂ ಎಡವೋದು. ಬರೀ ಹಾಲೇ ಮಾರುತ್ತಿದ್ದರೆ ನೋಂದಣಿಯೇ ಬೇಡ, ಆದರೆ ಪಕ್ಕದಲ್ಲಿ ಚಿಪ್ಸೂ ಇದ್ದರೆ ಮಿತಿ ನೋಡುವಾಗ ಹಾಲಿನ ಮಾರಾಟವೂ ಸೇರುತ್ತದೆ. ಇನ್ನು ಗಲ್ಲಾಕ್ಕೆ ಬಿದ್ದ ಕ್ಯಾಶ್ ಎಷ್ಟು ಅಂತ ನೀವು ಬರೆದೇ ಇಲ್ಲ! ದಿನಕ್ಕೆ 800 ರೂಪಾಯಿ ಅಂದರೂ ವರ್ಷಕ್ಕೆ 2.9 ಲಕ್ಷ, ಒಟ್ಟು 40.9 ಲಕ್ಷ, ಮಿತಿ ದಾಟಿತು. ಮೂಲೆಯಲ್ಲಿ ಟೀ ಮಾಡಿ ಕೊಡುತ್ತಿದ್ದರೆ ಅದು ಸೇವೆ, ಆಗ ಮಿತಿಯೇ 20 ಲಕ್ಷ.

ಕ್ಯೂಆರ್ ತೆಗೆದರೆ ಏನೂ ಉಪಯೋಗ ಇಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು 'ನೋ ಯುಪಿಐ' ಅಂತ ಬೋರ್ಡ್ ಹಾಕಿದರು, ಆದರೆ ಕಾನೂನಿಗೆ ಕ್ಯಾಶೂ ಮಾರಾಟವೇ.

ಇನ್ಮುಂದೆ ಕಾಂಪೋಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳಿಗೆ ಕಡಿಮೆ ದರದ ಜಿಎಸ್‌ಟಿ) ತಗೊಳ್ಳಿ. ಮಾಲು ತಂದು ಮಾರುವವರಿಗೆ ತೆರಿಗೆ ಇರುವ ಮಾಲಿನ ಮೇಲೆ ಮಾತ್ರ ಶೇ. 1, ಹಾಲು ಇಲ್ಲಿ ಬಿಟ್ಟುಹೋಗುತ್ತದೆ. 40.9 ಲಕ್ಷದಲ್ಲಿ ಹಾಲಿನ 15 ಲಕ್ಷ ಕಳೆದರೆ ನಿಮ್ಮ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 26 ಸಾವಿರ. ಇದನ್ನು ಗಿರಾಕಿಯಿಂದ ವಸೂಲಿ ಮಾಡೋ ಹಾಗಿಲ್ಲ, ನಿಮ್ಮ ಜೇಬಿನಿಂದಲೇ ಕಟ್ಟಬೇಕು. ಮಿತಿ ದಾಟಿದ 30 ದಿನದಲ್ಲಿ ನೋಂದಣಿ ಆಗಬೇಕಿತ್ತು, ಹಿಂದಿನ ಅವಧಿಗೆ ಈ ಸ್ಕೀಮ್ ಸಿಗಲ್ಲ, ಹಾಗಾಗಿ ಅದನ್ನು ಮುಚ್ಚಿಡದೆ ಆಡಿಟರ್ ಹತ್ತಿರ ಕೂತು ಬಗೆಹರಿಸಿ.

ಅಂಗಡಿಗೆ ಬೇರೆ ಖಾತೆ ಮಾಡಿ. ರಾತ್ರಿ ಶಟರ್ ಎಳೆಯೋ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಐದು ಸಂಖ್ಯೆ ಬರೆಯಿರಿ: ಯುಪಿಐ, ಕ್ಯಾಶ್, ಅದರಲ್ಲಿ ಹಾಲು ಎಷ್ಟು, ಮಾಲಿಗೆ ಕೊಟ್ಟಿದ್ದು, ಮನೆಗೆ ತಗೊಂಡಿದ್ದು. ಕೊನೆಯದನ್ನು ಬರೆಯೋಕೆ ಎಲ್ಲರಿಗೂ ಬೇಜಾರು, ನನಗೂ ಇತ್ತು.

ಪ್ರಶ್ನೆ: ಮನೆಯಲ್ಲೇ ಚಕ್ಕುಲಿ, ಹೋಳಿಗೆ ಮಾಡಿ ಮಾರುತ್ತೇನೆ. ವರ್ಷಕ್ಕೆ 18 ಲಕ್ಷ ವ್ಯಾಪಾರ, ಅದರಲ್ಲಿ 3 ಲಕ್ಷ ಕ್ಯಾಶ್. ಸಾಲಕ್ಕೆ ಬ್ಯಾಂಕಿನವರು ಐಟಿಆರ್ (ಆದಾಯ ತೆರಿಗೆ ರಿಟರ್ನ್) ಕೇಳುತ್ತಿದ್ದಾರೆ. ಪುಸ್ತಕ ಇಟ್ಟಿಲ್ಲ, ಏನು ಮಾಡಲಿ?

ಉತ್ತರ: ಗಾಬರಿ ಬೇಡ ಮೇಡಂ. ಆದಾಯ ತೆರಿಗೆ ಕಾನೂನಿನಲ್ಲಿ ಆಡಿಟರುಗಳು 44ಎಡಿ ಅಂತ ಹೇಳುತ್ತಿದ್ದ ಅಂದಾಜು ಲಾಭದ ದಾರಿ ಇದೆ. ಬ್ಯಾಂಕ್, ಯುಪಿಐಯಲ್ಲಿ ಬಂದದ್ದಕ್ಕೆ ಶೇ. 6, ಕ್ಯಾಶಿಗೆ ಶೇ. 8 ಲಾಭ ತೋರಿಸಬೇಕು. 15 ಲಕ್ಷಕ್ಕೆ 90 ಸಾವಿರ, 3 ಲಕ್ಷಕ್ಕೆ 24 ಸಾವಿರ, ಒಟ್ಟು 1,14,000. ಇದು ಕನಿಷ್ಠ ಅಷ್ಟೇ. ನಿಜವಾಗಿ 5 ಲಕ್ಷ ಉಳಿದಿದ್ದರೆ 5 ಲಕ್ಷವೇ ಬರೆಯಬೇಕು. ಸಾಲ ಕೊಡುವವರು ನೋಡೋದೂ ಅದೇ ಸಂಖ್ಯೆಯನ್ನ, 1.14 ಲಕ್ಷ ತೋರಿಸಿ 10 ಲಕ್ಷ ಸಾಲ ಕೇಳಿದರೆ ಮ್ಯಾನೇಜರ್ ನಗುತ್ತಾರೆ.