ಮೇ ತಿಂಗಳಲ್ಲಿ ಬಳ್ಳಾರಿಯಿಂದ ಬೆಂಗಳೂರಿಗೆ ಶೆಲ್ಟರ್ ನಾಯಿಗಳನ್ನು ಕಾರಿನಲ್ಲಿ ಒಯ್ಯುವಾಗ ಏನೇನು ನೋಡಿಕೊಳ್ಳಬೇಕು?

ಎರಡು ನಾಯಿಗಳನ್ನು ದತ್ತು ಪಡೆದವರ ಮನೆಗೆ ಮುಟ್ಟಿಸಲು ಒಪ್ಪಿದ್ದೀರಿ, ಇದೇ ಮೊದಲ ಸಲ ಅಂದಿದ್ದೀರಿ. ಹಾಗಾದರೆ ಮೊದಲು ಹೊರಡುವ ಹೊತ್ತು ಗೊತ್ತುಮಾಡಿಕೊಳ್ಳಿ. ನಸುಕಿನ 3ಕ್ಕೆ ಬಿಟ್ಟರೆ ಚಳ್ಳಕೆರೆ ದಾಟಿ ಹಿರಿಯೂರಿನ ಹತ್ತಿರ ಬೆಳಕು ಹರಿಯುತ್ತದೆ, ಬಿಸಿಲೇರುವ ಮೊದಲೇ ತುಮಕೂರು ಸಿಗುತ್ತದೆ. ಏಸಿ ಇದೆಯಲ್ಲ ಅಂತ 11ಕ್ಕೆ ಹೊರಟು ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತೋ, 40 ಡಿಗ್ರಿ ಬಿಸಿಲಲ್ಲಿ ಒಂದು ಜಾಲಿಗಿಡದ ನೆರಳೂ ಸಿಗಲಿಕ್ಕಿಲ್ಲ.

ಲಸಿಕೆ ಪುಸ್ತಕ, ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರು ಬರೆದ ಚೀಟಿ, ದತ್ತು ಪಡೆದವರ ವಿಳಾಸ ಇಲ್ಲದೆ ನಾಯಿ ಹತ್ತಿಸಬೇಡಿ. ಆರೋಗ್ಯವಾಗಿರುವ ಬೀದಿನಾಯಿಯನ್ನು "ಊರಾಚೆ ಬಿಟ್ಟುಬಿಡಿ" ಅಂತ ಯಾರಾದರೂ ತಂದರೆ ಬೇಡ ಅನ್ನಿ. ಸಂತಾನಹರಣ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು ಅನ್ನುತ್ತದೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮ. ಮರಿಯಾದರೆ ಶೆಲ್ಟರ್‌ಗೆ ಬಂದು ಎಷ್ಟು ದಿನವಾಯಿತು ಕೇಳಿ. ವಾಂತಿ-ಭೇದಿ ತರುವ ಪಾರ್ವೊ ವೈರಸ್ ತಗುಲಿದರೂ ಮರಿ ನಾಲ್ಕಾರು ದಿನ ಚೆನ್ನಾಗಿಯೇ ಆಡಿಕೊಂಡಿರುತ್ತದೆ, ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗ ಕಾಣಿಸಿಕೊಳ್ಳುವುದು ಇನ್ನೂ ತಡ. ಶೆಲ್ಟರ್‌ಗೆ ಬಂದು ಎರಡು ವಾರ ತುಂಬದ ಮರಿಯನ್ನು ನಾನಾದರೆ ಒಯ್ಯುವುದಿಲ್ಲ. ಲಸಿಕೆ ಪೂರ್ತಿಯಾಗದ ಮರಿಯನ್ನು ಢಾಬಾ ಅಂಗಳದಲ್ಲಿ ಇಳಿಸಲೇಬೇಡಿ, ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ನಾಯಿ ತಲೆಯೆತ್ತಿ ನಿಂತು ಒಂದು ಸುತ್ತು ತಿರುಗುವಷ್ಟು ಪಂಜರ ಸಾಕು. ತೀರಾ ದೊಡ್ಡದಾದರೆ ಬ್ರೇಕ್ ಹಾಕಿದಾಗ ಒಳಗೇ ಉರುಳಾಡುತ್ತದೆ. ಕೆಳಗೆ ಪೇಪರ್, ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಪಂಜರವನ್ನು ಹಗ್ಗದಿಂದ ಬಿಗಿಯಿರಿ. ಪಂಜರ ಇಲ್ಲದಿದ್ದರೆ ಎದೆಪಟ್ಟಿಯನ್ನು ಸೀಟ್ ಬೆಲ್ಟಿಗೆ ಕಟ್ಟಿ, ಕೊರಳಪಟ್ಟಿಗಂತೂ ಬೇಡ.

ಇನ್ನು ಕಾರಿನ ಬಾಗಿಲು ತೆಗೆಯುವ ವಿಷಯ. ಹೆದರಿದ ನಾಯಿ ಮುಂದಕ್ಕೆ ಜಗ್ಗುವುದಿಲ್ಲ, ಕಿವಿ ಹಿಂದಕ್ಕೆ ಮಾಡಿ, ತಲೆ ತಗ್ಗಿಸಿ, ಹಿಂದಕ್ಕೆ ಸರಿಯುತ್ತದೆ. ಎರಡು ಬೆರಳು ಸಡಿಲವಿರುವ ಕೊರಳಪಟ್ಟಿ ಆಗ ಕಿವಿ ದಾಟಿ ಕಳಚಿಬಿಡುತ್ತದೆ. ಅದಕ್ಕೇ ಪಟ್ಟಿಯ ಜೊತೆ ಎಳೆದರೆ ಬಿಗಿಯುವ ಸ್ಲಿಪ್ ಲೀಶ್ ಒಂದಿರಲಿ. ಅದರ ಹಿಡಿಕೆಯ ಕುಣಿಕೆ ನಿಮ್ಮ ಮಣಿಕಟ್ಟಿಗೆ ಬಿದ್ದ ಮೇಲೆ ಬಾಗಿಲು ತೆಗೆಯಿರಿ. ಪೆಟ್ರೋಲ್ ಬಂಕಿನಲ್ಲಿ "ಒಂದ್ನಿಮಿಷ" ಅಂತ ತೆಗೆದಾಗಲೇ ಕೆಲಸ ಕೆಡುವುದು.

ದೊಡ್ಡ ನಾಯಿಗೆ ಹೊರಡುವ 6 ತಾಸು ಮುಂಚೆ ಊಟ ಮುಗಿಸಿ. ಎಳೆ ಮರಿಯನ್ನು ಅಷ್ಟು ಹೊತ್ತು ಉಪವಾಸ ಕೆಡವಬೇಡಿ, ಸಕ್ಕರೆ ಅಂಶ ಇಳಿದು ಕುಸಿಯುತ್ತದೆ. ಎರಡು ತಾಸಿಗೊಮ್ಮೆ ನಿಲ್ಲಿಸಿ ಸ್ವಲ್ಪಸ್ವಲ್ಪ ನೀರು ಕೊಡಿ. ವಾಂತಿಗೆ ಮನುಷ್ಯರ ಮಾತ್ರೆ ಬೇಡ.

ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ವಸಡು ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅದು ಶಾಖಾಘಾತ. ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಸುರಿದು ಗಾಳಿ ಹಾಕುತ್ತಾ ಹತ್ತಿರದ ಪಶು ಆಸ್ಪತ್ರೆಗೆ ಓಡಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಚುಚ್ಚುಮದ್ದು ಶುರುಮಾಡಿಸಿ.

ಮುಟ್ಟಿದ ಮೇಲೆ ಗೇಟು ಹಾಕಿಸಿ, ಆಮೇಲೆ ಪಂಜರ ತೆಗೆಯಿರಿ. ಬೆಡ್‌ಶೀಟನ್ನು ಒಗೆಯದೆ ಅವರಿಗೇ ಕೊಟ್ಟುಬನ್ನಿ, ಮೊದಲ ರಾತ್ರಿ ನಾಯಿಗೆ ಗುರುತಿರುವ ವಾಸನೆ ಅದೊಂದೇ.