ಟೀಮ್ಸ್ ಪರದೆಯ ಮುಂದೆ ಹೌಸ್ ಸರ್ಜನ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ಲಾಬ್ (ವಿದೇಶಿ ವೈದ್ಯರಿಗಾಗಿ ಬ್ರಿಟನ್ ನಡೆಸುವ ಅರ್ಹತಾ ಪರೀಕ್ಷೆ) ಎರಡೂ ಹಂತ ಮುಗಿಸಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಿರುವ ಕಿರಿಯ ವೈದ್ಯರ ಪತ್ರಗಳೇ ಈ ಸಲ ಹೆಚ್ಚು. ಈ ಸಂದರ್ಶನಗಳು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಇಬ್ಬರು ಮೂವರ ಎದುರು ನಡೆಯುತ್ತವೆ, ಅರ್ಧ ಗಂಟೆಯೊಳಗೆ ಮುಗಿದೂ ಹೋಗುತ್ತವೆ.

ಪ್ರಶ್ನೆ: ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾದ ರೋಗಿ. ಬಿಪಿ 85/50, ನಾಡಿ 125, ಜ್ವರ 38.6 ಡಿಗ್ರಿ ಸೆಲ್ಸಿಯಸ್. ನರ್ಸ್ ಫೋನ್ ಮಾಡಿದ್ದಾರೆ, ಏನು ಮಾಡುತ್ತೀರಿ ಎಂದು ಸಂದರ್ಶನದಲ್ಲಿ ಕೇಳಿದರು. ‘ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹ ಕುಸಿಯುವ ಸ್ಥಿತಿ), ಆಂಟಿಬಯಾಟಿಕ್ ಕೊಡುತ್ತೇನೆ’ ಎಂದೆ. ಉತ್ತರ ಸರಿಯಿದ್ದೂ ಆಯ್ಕೆಯಾಗಲಿಲ್ಲ, ಯಾಕೆ? – ಹೌಸ್ ಸರ್ಜನ್, ಹುಬ್ಬಳ್ಳಿ

ಉತ್ತರ: ಎದುರಿಗೆ ಕೂತವರ ಕೈಯಲ್ಲಿ ಅಂಕಪಟ್ಟಿ ಇರುತ್ತದೆ. ರೋಗದ ಹೆಸರಿಗೆ ಅದರಲ್ಲಿ ಸಿಗುವ ಅಂಕ ಕಡಿಮೆ, ಅಲ್ಲಿಗೆ ತಲುಪಿದ ದಾರಿಗೆ ಹೆಚ್ಚು. ವಾರ್ಡ್‌ನಲ್ಲಾದರೆ ನೀವು ಆಕ್ಸಿಜನ್ ಹಾಕಿದ್ದು, ಕ್ಯಾನುಲಾ ಚುಚ್ಚಿದ್ದು ಕಣ್ಣಿಗೆ ಕಾಣುತ್ತದೆ. ಪರದೆಯ ಮೇಲೆ ಬಾಯಿಬಿಟ್ಟು ಹೇಳದ್ದನ್ನು ನೀವು ಮಾಡಿಲ್ಲವೆಂದೇ ಲೆಕ್ಕ.

ಫೋನಿನಿಂದಲೇ ಶುರು ಮಾಡಿ. ನ್ಯೂಸ್-2 ಸ್ಕೋರ್ ಎಷ್ಟು ಎಂದು ನರ್ಸ್‌ರನ್ನು ಕೇಳುತ್ತೇನೆ, ಈಗಲೇ ಹೊರಡುತ್ತೇನೆ ಎನ್ನಿ. ಬಿಪಿ, ನಾಡಿ, ಉಸಿರು ಮುಂತಾದವಕ್ಕೆ ಅಂಕ ಕೊಟ್ಟು ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯುವ ಈ ಸ್ಕೋರು ಬ್ರಿಟನ್ನಿನ ವಾರ್ಡ್‌ಗಳ ದಿನನಿತ್ಯದ ಮಾತು. ನಿಮ್ಮ ರೋಗಿಗೆ ಬಿಪಿಯಿಂದ 3, ನಾಡಿಯಿಂದ 2, ಜ್ವರದಿಂದ 1, ಒಟ್ಟು 6 ಆಗಲೇ ಆಯಿತು. ಉಸಿರು ನಿಮಿಷಕ್ಕೆ 25 ಇದ್ದರೆ ಇನ್ನೂ 3 ಸೇರಿ 9. 5 ಮುಟ್ಟಿದರೆ ತುರ್ತು, 7 ಮುಟ್ಟಿದರೆ ತೀರಾ ತುರ್ತು.

ಹಾಸಿಗೆಯ ಬಳಿ ಹೋದ ಮೇಲೆ ಎ, ಬಿ, ಸಿ, ಡಿ, ಇ (ಶ್ವಾಸದ ದಾರಿ, ಉಸಿರಾಟ, ರಕ್ತಸಂಚಾರ, ಪ್ರಜ್ಞೆ, ಮೈಯೆಲ್ಲ ಪರೀಕ್ಷೆ) ಕ್ರಮ ತಪ್ಪಬೇಡಿ. ರೋಗಿ ಮಾತಾಡುತ್ತಿದ್ದರೆ ಶ್ವಾಸದ ದಾರಿ ತೆರೆದಿದೆ. ರೋಗಿಯ ಸ್ಥಿತಿ ಇಷ್ಟು ಗಂಭೀರವಿದ್ದಾಗ ರಿಸರ್ವಾಯರ್ ಮಾಸ್ಕ್‌ನಲ್ಲಿ 15 ಲೀಟರ್ ಆಕ್ಸಿಜನ್, ಸುಧಾರಿಸಿದ ಮೇಲೆ ಸ್ಯಾಚುರೇಷನ್ 94–98ಕ್ಕೆ ಹೊಂದಿಸುವುದು. ದೊಡ್ಡ ಕ್ಯಾನುಲಾ ಎರಡು, ರಕ್ತದ ಕಲ್ಚರ್, ಲ್ಯಾಕ್ಟೇಟ್, 500 ಮಿ.ಲೀ. ಫ್ಲೂಯಿಡ್ 15 ನಿಮಿಷದೊಳಗೆ. ಪ್ರಜ್ಞೆ, ರಕ್ತದ ಸಕ್ಕರೆ. ಕೊನೆಗೆ ಬಟ್ಟೆ ಸರಿಸಿ ಗಾಯ, ಡ್ರೇನ್, ಹೊಟ್ಟೆ, ಮೀನಖಂಡ ನೋಡುವುದು. ಆಂಟಿಬಯಾಟಿಕ್ ಒಂದು ಗಂಟೆಯೊಳಗೆ, ಕಲ್ಚರ್ ತೆಗೆದ ಮೇಲೆ. ಮೂತ್ರದ ಅಳತೆಗೆ ಕ್ಯಾಥೆಟರ್. ಜ್ವರ ಕಂಡಿತೆಂದು ಸೆಪ್ಸಿಸ್‌ಗೇ ಅಂಟಿಕೊಳ್ಳಬೇಡಿ. ಒಳಗೆ ರಕ್ತಸ್ರಾವ ಇದ್ದೀತು ಎಂಬ ಮಾತು ನಿಮ್ಮ ಬಾಯಿಂದ ಬರಲೇಬೇಕು.

ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇದರ ನಂತರ. ‘ಸೀನಿಯರ್‌ಗೆ ತಿಳಿಸುತ್ತೇನೆ’ ಎಂದು ತೇಲಿಸಿಬಿಡುತ್ತಾರೆ. ಯಾರಿಗೆ, ಯಾವಾಗ, ಏನೆಂದು? ‘ಮೊದಲ ಫ್ಲೂಯಿಡ್ ಹೋಗುತ್ತಿರುವಾಗಲೇ ಸರ್ಜರಿ ರಿಜಿಸ್ಟ್ರಾರ್‌ಗೆ ಫೋನ್ ಮಾಡುತ್ತೇನೆ’ ಎನ್ನಿ. ಆಮೇಲೆ ಎಸ್‌ಬಿಎಆರ್ ಕ್ರಮದಲ್ಲಿ ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ‘10 ನಿಮಿಷದಲ್ಲಿ ಬಂದು ನೋಡಬೇಕು’ ಎಂಬ ಕೋರಿಕೆ. ಕೋರಿಕೆಯನ್ನು ನುಂಗಿಬಿಟ್ಟರೆ ಆ ಫೋನ್ ಕರೆ ಬರೀ ವರದಿಯಾಗುತ್ತದೆ. ಫ್ಲೂಯಿಡ್ ಮುಗಿದ ಮೇಲೆ ಮತ್ತೆ ‘ಎ’ಯಿಂದ ಪರೀಕ್ಷಿಸುವುದನ್ನೂ ಹೇಳಿ.

ಇದನ್ನೆಲ್ಲ ಎರಡು ಎರಡೂವರೆ ನಿಮಿಷದಲ್ಲಿ ಹೇಳಲು ಬರಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಅನಾಫಿಲ್ಯಾಕ್ಸಿಸ್ (ಪ್ರಾಣಾಪಾಯದ ಅಲರ್ಜಿ), ಎದೆನೋವು, ಜಿಐ (ಜಠರ, ಕರುಳಿನ) ರಕ್ತಸ್ರಾವ, ಡಿಕೆಎ (ಸಕ್ಕರೆ ಕಾಯಿಲೆಯ ತುರ್ತುಸ್ಥಿತಿ), ಫಿಟ್ಸ್ ಇವಿಷ್ಟಕ್ಕೂ ಹೀಗೇ. ಡೋಸ್ ಹೇಳುವಾಗ ಮಾರ್ಗವೂ ಜೊತೆಗಿರಲಿ: ಅನಾಫಿಲ್ಯಾಕ್ಸಿಸ್‌ಗೆ ಅಡ್ರಿನಲಿನ್ 500 ಮೈಕ್ರೋಗ್ರಾಂ ತೊಡೆಯ ಸ್ನಾಯುವಿಗೆ, ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ರಕ್ತದ ಸಕ್ಕರೆಯನ್ನು ಅಲ್ಲಿ ಲೀಟರಿಗೆ ಇಷ್ಟು ಎಂಎಂಒಎಲ್ (ಮಿಲಿಮೋಲ್) ಎಂದು ಹೇಳುತ್ತಾರೆ, ನಮ್ಮ ಮಿಲಿಗ್ರಾಂ ಅಂಕಿಯನ್ನು 18ರಿಂದ ಭಾಗಿಸಿದರೆ ಆಯಿತು.

ಪ್ರಶ್ನೆ: ‘ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ’ ಎಂದು ಮಗ ಕೇಳಿಕೊಂಡರೆ ಏನು ಮಾಡುತ್ತೀರಿ? ಇಂಥ ಪ್ರಶ್ನೆಗೆ ಏನು ಉತ್ತರಿಸಬೇಕು? – ಮಂಡ್ಯ

ಉತ್ತರ: ನಮ್ಮಲ್ಲಿ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವುದು ರೂಢಿ. ಅಲ್ಲಿ ಅದೇ ಉತ್ತರ ಕೊಟ್ಟರೆ ಕೆಟ್ಟಿರಿ. ಮಾಹಿತಿ ರೋಗಿಯದು. ಮಗನ ಆತಂಕವನ್ನು ಸಮಾಧಾನದಿಂದ ಕೇಳಿ, ಯಾಕೆ ಹಾಗೆನ್ನುತ್ತಾರೆಂದು ವಿಚಾರಿಸಿ, ಆದರೆ ವರದಿಯ ವಿವರ ಬಿಟ್ಟುಕೊಡಬೇಡಿ, ಮುಚ್ಚಿಡುತ್ತೇನೆಂದು ಮಾತೂ ಕೊಡಬೇಡಿ. ಎಷ್ಟು ತಿಳಿಯಲು ಇಷ್ಟ, ಯಾರು ಜೊತೆಗಿರಬೇಕು ಎಂದು ರೋಗಿಯನ್ನೇ ಕೇಳುವುದು. ರೋಗಿಗೆ ನಿರ್ಧರಿಸುವ ಸಾಮರ್ಥ್ಯ ಇದೆಯೇ ಎಂಬ ಅನುಮಾನವಿದ್ದರೆ 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್ ನೆನಪಿಸಿಕೊಳ್ಳಿ: ಹೇಳಿದ್ದು ಅರ್ಥವಾಗುತ್ತದೆಯೇ, ನೆನಪಿನಲ್ಲಿ ನಿಲ್ಲುತ್ತದೆಯೇ, ತೂಗಿ ನೋಡಬಲ್ಲರೇ, ತಿಳಿಸಬಲ್ಲರೇ. ಬ್ರಿಟನ್ನಿನ ವೈದ್ಯರ ನೋಂದಣಿ ಮಂಡಳಿಯಾದ ಜಿಎಂಸಿಯ ‘ಗುಡ್ ಮೆಡಿಕಲ್ ಪ್ರಾಕ್ಟೀಸ್’ ಮಾರ್ಗಸೂಚಿಯ ಹೊಸ ಆವೃತ್ತಿ 2024ರ ಜನವರಿ 30ರಿಂದ ಜಾರಿಯಲ್ಲಿದೆ, ಅದನ್ನೇ ಓದಿ.

ಪ್ರಶ್ನೆ: ಆಡಿಟ್ (ವಾರ್ಡಿನ ಕೆಲಸ ಮಾನದಂಡದಂತೆ ನಡೆದಿದೆಯೇ ಎಂಬ ಪರಿಶೀಲನೆ) ಮಾಡಿದ್ದೀರಾ ಎಂದು ಎಲ್ಲರೂ ಕೇಳುತ್ತಾರಂತೆ. ನಾವು ಮಾಡಿಲ್ಲ. ಏನಾದರೂ ಕಟ್ಟಿ ಹೇಳಬಹುದೇ? – ಕಲಬುರಗಿ

ಉತ್ತರ: ಬೇಡ. ಎರಡನೇ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ. ಇಂಟರ್ನ್‌ಶಿಪ್ ಮುಗಿದಿಲ್ಲವಾದರೆ ಈಗಲೇ ಒಂದು ಮಾಡಿ. ಯೂನಿಟ್ ಮುಖ್ಯಸ್ಥರ ಅನುಮತಿ ಪಡೆದು 30 ಕೇಸ್ ಶೀಟ್ ತೆಗೆದುಕೊಳ್ಳಿ. ಔಷಧಿ ಅಲರ್ಜಿ ಬರೆದಿದ್ದಾರೆಯೇ, ಕ್ಯಾನುಲಾ ಹಾಕಿದ ದಿನಾಂಕ ಇದೆಯೇ, ಇವೆರಡನ್ನು ಎಣಿಸಿದರೆ ಸಾಕು. ಎಲ್ಲ ಶೀಟಿನಲ್ಲೂ ಇರಬೇಕು ಎಂಬುದು ಮಾನದಂಡ. ಫಲಿತಾಂಶವನ್ನು ಯೂನಿಟ್ ಸಭೆಯಲ್ಲಿ ತೋರಿಸಿ, ಶೀಟಿನ ಮೊದಲ ಪುಟಕ್ಕೆ ಕೆಂಪು ಅಲರ್ಜಿ ಚೀಟಿ ಅಂಟಿಸುವಂಥ ಸಣ್ಣ ಬದಲಾವಣೆ ತನ್ನಿ. ಆರು ವಾರ ಬಿಟ್ಟು ಮತ್ತೆ 30 ಎಣಿಸಿ. ಈ ಎರಡನೇ ಎಣಿಕೆ ಇಲ್ಲದಿದ್ದರೆ ಅದು ಸಮೀಕ್ಷೆಯಷ್ಟೇ. ಅಂಕಿ ಸುಧಾರಿಸದೇ ಹೋದರೂ ಚಿಂತೆಯಿಲ್ಲ, ಯಾಕೆ ಸುಧಾರಿಸಲಿಲ್ಲ ಎಂದು ಹೇಳಬಲ್ಲವರನ್ನು ಪ್ಯಾನೆಲ್ ಇಷ್ಟಪಡುತ್ತದೆ.

ಪ್ರಶ್ನೆ: ನಮ್ಮದು ಮಲೆನಾಡು. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡನ್ನೂ ನಂಬುವಂತಿಲ್ಲ. – ಕೊಪ್ಪ

ಉತ್ತರ: ಮನೆಯಲ್ಲಿ ಇನ್ವರ್ಟರ್ ಇದ್ದರೂ ಇಂಟರ್ನೆಟ್ಟಿನ ಫೈಬರ್ ಪೆಟ್ಟಿಗೆ ಎಷ್ಟೋ ಸಲ ಆ ಲೈನಿನಲ್ಲಿ ಇರುವುದಿಲ್ಲ. ಇದ್ದರೂ, ಕರೆಂಟು ಹೋಗಿ ಇನ್ವರ್ಟರ್ ಏಳುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆದರೆ ಎರಡು ಮೂರು ನಿಮಿಷ ಕೈಬಿಡುತ್ತದೆ. ರೂಟರ್‌ಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ. ಬೇರೆ ಕಂಪನಿಯ ಸಿಮ್ ಇರುವ ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಸಿದ್ಧವಿಡಿ. ಹಿಂದಿನ ದಿನ ಅದೇ ಹೊತ್ತಿಗೆ ಅಪ್‌ಲೋಡ್ ವೇಗ ಅಳೆಯಿರಿ, 2 ಎಂಬಿಪಿಎಸ್ ಸ್ಥಿರವಾಗಿ ಬಂದರೆ ಬೇಕಾದಷ್ಟಾಯಿತು. ಇಷ್ಟಾಗಿಯೂ ಧೈರ್ಯವಿಲ್ಲದಿದ್ದರೆ ಪೇಟೆಯ ನೆಂಟರ ಮನೆ ಇದ್ದೇ ಇದೆ.

ಸೀಲಿಂಗ್ ಫ್ಯಾನ್ ಆರಿಸಿ. ಅದರ ಸದ್ದನ್ನು ಅಳಿಸಲು ಹೋಗಿ ಟೀಮ್ಸ್ ನಿಮ್ಮ ಪದಗಳ ತುದಿಯನ್ನೂ ಕತ್ತರಿಸುತ್ತದೆ. ಬ್ಲೂಟೂತ್‌ಗಿಂತ ವೈರ್ ಇರುವ ಇಯರ್‌ಫೋನ್ ವಾಸಿ. ಲ್ಯಾಪ್‌ಟಾಪ್ ಕೆಳಗೆ ಮೆಡಿಸಿನ್‌ನ ಎರಡು ದಪ್ಪ ಸಂಪುಟ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕಿಟಕಿ ಮುಖದ ಮುಂದಿರಲಿ. ತೆರೆಯ ಮೇಲಿನ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ: ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಇರಬೇಕು, ತಮ್ಮನ ಗೇಮ್‌ ಖಾತೆಯದಲ್ಲ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಉಚ್ಚಾರಣೆಯ ಭಯ. ಗೋಡೆಗೆ ಉತ್ತರ ಅಂಟಿಸಿಕೊಂಡರೆ? – ರಾಯಚೂರು

ಉತ್ತರ: ಉಚ್ಚಾರಣೆಯಿಂದ ಕೆಲಸ ಕೆಡುವುದು ಅಪರೂಪ, ವೇಗದಿಂದ ಕೆಡುತ್ತದೆ. ವಾಕ್ಯ ಮುಗಿದಾಗ ಒಮ್ಮೆ ಉಸಿರು ತೆಗೆದುಕೊಳ್ಳಿ. ‘ಮೈಸೆಲ್ಫ್ ಡಾಕ್ಟರ್...’ ಎಂದು ಶುರು ಮಾಡಬೇಡಿ, ಮಾತಿಗೊಮ್ಮೆ ‘ಸರ್’ ಬೇಡ. ಗೋಡೆಯ ಚೀಟಿಯ ಮೇಲೆ ಕಣ್ಣು ಓಡುವುದು ಎದುರಿನವರಿಗೆ ಚೆನ್ನಾಗಿ ಕಾಣುತ್ತದೆ. ಪ್ರಶ್ನೆ ಬರೆದುಕೊಳ್ಳಲು ಖಾಲಿ ಹಾಳೆ, ಪೆನ್ನು ಇಟ್ಟುಕೊಳ್ಳಿ, ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ.

ಪ್ರಶ್ನೆ: ನವೆಂಬರ್ 3ರ ಬೆಳಗ್ಗೆ 10ಕ್ಕೆ ಎಂದು ಪತ್ರ ಬಂದಿದೆ. ನಮ್ಮ ಗಡಿಯಾರದಲ್ಲಿ ಎಷ್ಟು? – ಹಾಸನ

ಉತ್ತರ: ಮಧ್ಯಾಹ್ನ 3.30. ಬೇಸಿಗೆಯಲ್ಲಿ ನಾವು ಬ್ರಿಟನ್‌ಗಿಂತ ನಾಲ್ಕೂವರೆ ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಐದೂವರೆ ಗಂಟೆ. 3.15ಕ್ಕೇ ಲಿಂಕ್ ಒತ್ತಿ, ಒಳಗೆ ಕರೆಯುವವರೆಗೆ ಲಾಬಿಯಲ್ಲಿ ಕಾಯಿರಿ. ಪಾಸ್‌ಪೋರ್ಟ್ ಕೈಗೆಟುಕುವಂತಿರಲಿ, ಶುರುವಿನಲ್ಲೇ ತೋರಿಸಿ ಎನ್ನಬಹುದು.